ದಾರಿ ಬೇಕೇ ಎಂದು ಕೇಳುವುದಿಲ್ಲ, ನಡೆದಿದ್ದೀರಾ ಎಂದು ಕೇಳುತ್ತಾರೆ

ಮೂರೂವರೆ ವರ್ಷದ ಹಿಂದೆ ನಮ್ಮೂರಿನ ಚರ್ಚಿನ ಹಿಂದಿರುವ ಹೊಲದ ಬದುವಿನ ಕಾಲುದಾರಿಗೆ ತಂತಿಬೇಲಿ ಬಿತ್ತು. ಇದು ಇಂಗ್ಲೆಂಡಿನ ಒಂದು ಸಣ್ಣ ಊರು. ನಾನು ಸಂಸಾರ ಸಮೇತ ಇಲ್ಲಿಗೆ ಬಂದು ಆಗ 11 ವರ್ಷವಾಗಿತ್ತು. ಮಗಳನ್ನು ಶಾಲೆಗೆ ಬಿಡಲು, ಸಂಜೆ ಸುಮ್ಮನೆ ಒಂದು ಸುತ್ತು ಹಾಕಲು ಆ ದಾರಿಯನ್ನು ಎಷ್ಟು ಸಲ ತುಳಿದಿದ್ದೇನೋ ಲೆಕ್ಕವಿಟ್ಟವನಲ್ಲ. ಬೇಲಿಯ ನಡುವೆ ಮಲೆನಾಡಿನ ತಡಮೆಯಂಥದ್ದೇ ಒಂದು ಮರದ ಮೆಟ್ಟಿಲಿತ್ತು. ಅದರ ಮೇಲಿನ ಹಲಗೆ ಕಾಲು ತಾಗಿ ತಾಗಿ ನಡುವಿನಲ್ಲಿ ತಟ್ಟೆಯ ಹಾಗೆ ಸವೆದಿತ್ತು. ಹೊಲದ ಹೊಸ ಮಾಲೀಕರು ಮೊದಲು ಕಿತ್ತುಹಾಕಿದ್ದು ಆ ಹಲಗೆಯನ್ನೇ.

ಆ ತಿಂಗಳ ಊರಸಭೆಯಲ್ಲಿ ಎಲ್ಲರೂ ಒಂದೇ ಮಾತು ಆಡಿದರು: ದಾರಿ ನಮಗೆ ಬೇಕು, ಅದಿಲ್ಲದೆ ಮಕ್ಕಳು ಕಾರು ಓಡಾಡುವ ರಸ್ತೆಯಲ್ಲಿ ನಡೆಯಬೇಕಾಗುತ್ತದೆ. ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಿಂದ ಬಂದಿದ್ದ ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡು, ಈ ಯಾವ ಮಾತನ್ನೂ ತೀರ್ಮಾನದಲ್ಲಿ ಪರಿಗಣಿಸಲು ಕಾನೂನು ತಮಗೆ ಅವಕಾಶ ಕೊಡುವುದಿಲ್ಲ ಎಂದರು. ಮಕ್ಕಳ ಸುರಕ್ಷತೆಯಾಗಲಿ, ಮಾಲೀಕರ ಖಾಸಗಿತನವಾಗಲಿ, ದಾರಿಯ ಅಗತ್ಯವಾಗಲಿ ಲೆಕ್ಕಕ್ಕಿಲ್ಲ. ಸಾರ್ವಜನಿಕ ಹಕ್ಕು ಈಗಾಗಲೇ ಹುಟ್ಟಿದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಸಭೆಯಲ್ಲಿದ್ದವರಿಗೆ ಸಿಟ್ಟು ಬಂತು, ನನಗೂ ಬಂತು. ಈಗ ಯೋಚಿಸಿದಾಗ ಆ ಅಧಿಕಾರಿ ಹೇಳಿದ್ದೇ ಸರಿ ಎಂದು ನಂಬಿದ್ದೇನೆ. ಬೇಕೋ ಬೇಡವೋ ಎಂಬುದರ ಮೇಲೆ ತೀರ್ಮಾನವಾಗುವುದಾದರೆ ದನಿ ಜೋರಾಗಿರುವವರು, ಕೌನ್ಸಿಲರುಗಳ ಪರಿಚಯವಿರುವವರು ಗೆಲ್ಲುತ್ತಾರೆ. ನಡೆದದ್ದು ನಿಜವೋ ಅಲ್ಲವೋ ಎಂಬುದರ ಮೇಲಾದರೆ ನನ್ನಂಥ ಹೊರಗಿನಿಂದ ಬಂದವನ ಹೆಜ್ಜೆಗೂ ಈ ಊರಿನಲ್ಲೇ ಹುಟ್ಟಿದವರ ಹೆಜ್ಜೆಗೂ ಒಂದೇ ತೂಕ.

ಇಂಗ್ಲೆಂಡಿನಲ್ಲಿ ಸಾರ್ವಜನಿಕ ಕಾಲುದಾರಿ, ಕುದುರೆ ದಾರಿ ಇತ್ಯಾದಿ ಸೇರಿ ಸುಮಾರು 1,88,000 ಕಿಲೋಮೀಟರ್ ದಾಖಲಾಗಿವೆ. 1949ರ ಕಾಯ್ದೆಯೊಂದರ ಪ್ರಕಾರ ಪ್ರತಿ ಕೌಂಟಿಯೂ ತನ್ನ ದಾರಿಗಳ ಅಧಿಕೃತ ನಕ್ಷೆ ಮಾಡಬೇಕಾಯಿತು. ಅದನ್ನು ಡೆಫಿನಿಟಿವ್ ಮ್ಯಾಪ್ ಎನ್ನುತ್ತಾರೆ. ಆಗ ಎಷ್ಟೋ ದಾರಿಗಳು ಬಿಟ್ಟುಹೋದವು. ಬಿಟ್ಟುಹೋದ ದಾರಿಯನ್ನು ಸೇರಿಸಿಕೊಳ್ಳಿ ಎಂದು 1981ರ ಕಾಯ್ದೆಯಡಿ ಯಾರು ಬೇಕಾದರೂ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಆಧಾರಗಳು ಎರಡು ಬಗೆಯವು. ಒಂದು ಹಳೆಯ ಕಾಗದಪತ್ರ: ಸಾಗುವಳಿಗೆ ಬೇಲಿ ಹಾಕಿ ಜಮೀನು ಹಂಚಿದ ಕಾಲದ ಆದೇಶಗಳು, 1836ರ ಕಾಯ್ದೆಯ ನಂತರ ಚರ್ಚಿನ ದಶಾಂಶ ತೆರಿಗೆಗಾಗಿ ಬರೆದ ನಕ್ಷೆಗಳು, 1910ರಲ್ಲಿ ಭೂಮಿಯ ಬೆಲೆ ಕಟ್ಟಲು ಮಾಡಿದ ನಕ್ಷೆಗಳು. ಈ 1910ರ ನಕ್ಷೆಗಳಲ್ಲಿ ಸುತ್ತಲಿನ ಹೊಲಗಳಿಗೆಲ್ಲ ಬಣ್ಣ ಹಚ್ಚಿ ಒಂದು ಪಟ್ಟಿಯನ್ನು ಮಾತ್ರ ಬಿಳಿಯಾಗಿ ಬಿಟ್ಟಿದ್ದರೆ ಅದು ಸಾರ್ವಜನಿಕ ದಾರಿಯಾಗಿದ್ದಿರಬಹುದು ಎನ್ನುವುದಕ್ಕೆ ಒಳ್ಳೆಯ ಸುಳಿವು. ಇನ್ನೊಂದು ಆಧಾರ ಜನರ ನಡಿಗೆ. 1980ರ ಹೆದ್ದಾರಿ ಕಾಯ್ದೆಯ 31ನೇ ಕಲಂ ಪ್ರಕಾರ, ಜನ 20 ವರ್ಷ ಅಡೆತಡೆಯಿಲ್ಲದೆ ಹಕ್ಕಿನವರಂತೆ ಒಂದು ದಾರಿಯಲ್ಲಿ ನಡೆದಿದ್ದರೆ, ಮಾಲೀಕರು ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾರೆ ಎಂದೇ ಭಾವಿಸಬೇಕು, ಅಂಥ ಉದ್ದೇಶ ತಮಗಿರಲಿಲ್ಲ ಎಂದು ಮಾಲೀಕರು ತೋರಿಸಿಕೊಡದಿದ್ದರೆ.

ಹಕ್ಕಿನವರಂತೆ ಎಂಬ ಈ ಒಂದು ಪದದ ಮೇಲೆಯೇ ಇಡೀ ವ್ಯಾಜ್ಯ ನಿಂತಿದೆ. ಬಲವಂತವಿಲ್ಲದೆ, ಕದ್ದುಮುಚ್ಚಿ ಅಲ್ಲದೆ, ಅನುಮತಿ ಪಡೆಯದೆ ನಡೆದಿರಬೇಕು ಎಂದು ಅದರ ಅರ್ಥ. ಬೇಲಿ ಮುರಿದು ನಡೆದವರಿಗೆ ಹಕ್ಕಿಲ್ಲ, ಸರಿ. ಆದರೆ ಮರ್ಯಾದೆಯಿಂದ ಮಾಲೀಕರ ಅಪ್ಪಣೆ ಕೇಳಿ ನಡೆದವರಿಗೂ ಹಕ್ಕಿಲ್ಲ ಎನ್ನುವುದು ನಮ್ಮ ಕಡೆಯವರಿಗೆ ಮೊದಲು ವಿಚಿತ್ರ ಎನಿಸುತ್ತದೆ. ಆದರೂ ಈ ಬಗೆಯ ಕಾನೂನು ನಮಗೆ ತೀರಾ ಹೊಸದೇನಲ್ಲ: ಭಾರತದ 1882ರ ಈಸ್‌ಮೆಂಟ್ ಕಾಯ್ದೆಯೂ ಖಾಸಗಿ ಜಮೀನುಗಳ ನಡುವಿನ ದಾರಿಯ ಹಕ್ಕಿಗೆ ಇದೇ 20 ವರ್ಷದ ಲೆಕ್ಕವನ್ನು ಇಟ್ಟುಕೊಂಡಿದೆ. ಹಳೆಯ ರೈತರು ಟ್ರ್ಯಾಕ್ಟರಿನಿಂದಲೇ ನನಗೆ ಕೈ ಬೀಸುತ್ತಿದ್ದರು; ಅದು ಅನುಮತಿಯೇ, ಸಹನೆಯೇ? ಆಕ್ಸ್‌ಫರ್ಡ್‌ಶೈರಿನ ಸನ್ನಿಂಗ್‌ವೆಲ್ ಎಂಬ ಊರಿನ ಚರ್ಚಿಗೆ ಸೇರಿದ ಬಯಲಿನ ಪ್ರಕರಣದಲ್ಲಿ 1999ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಈ ಗೊಂದಲವನ್ನು ತಿಳಿಯಾಗಿಸಿತು. ಜನರ ಮನಸ್ಸಿನಲ್ಲಿ ತಮಗೆ ಹಕ್ಕಿದೆ ಎಂಬ ನಂಬಿಕೆ ಇತ್ತೇ ಎಂದು ಕೆದಕಬೇಕಾಗಿಲ್ಲ, ಮಾಲೀಕರು ಸುಮ್ಮನೆ ಸಹಿಸಿಕೊಂಡರೆಂಬ ಕಾರಣಕ್ಕೆ ಹಕ್ಕು ಬಿದ್ದುಹೋಗುವುದೂ ಇಲ್ಲ. ನೋಡುವವರ ಕಣ್ಣಿಗೆ ಆ ನಡಿಗೆ ಹಕ್ಕುಳ್ಳವರ ನಡಿಗೆಯಂತೆ ಕಾಣುತ್ತಿತ್ತೇ ಎಂಬುದು ಮುಖ್ಯ.

ಸನ್ನಿಂಗ್‌ವೆಲ್ ಪ್ರಕರಣ ನಿಜಕ್ಕೂ ದಾರಿಯದಲ್ಲ, ವಿಲೇಜ್ ಗ್ರೀನಿನದು, ಅಂದರೆ ಊರವರು ಆಟ-ವಿರಾಮಕ್ಕೆ ಬಳಸುವ ಬಯಲಿನದು. ನಾಯಿ ಅಡ್ಡಾಡಿಸುವುದು, ಮಕ್ಕಳ ಜೊತೆ ಆಡುವುದು, ಗಾಳಿಪಟ ಹಾರಿಸುವುದು ಕೂಡ ಊರಬಯಲಿನ ಹಕ್ಕನ್ನು ಹುಟ್ಟಿಸಬಲ್ಲವು ಎಂದು ಅಲ್ಲಿಂದ ಗಟ್ಟಿಯಾಯಿತು. ಈಗ 2006ರ ಕಾಮನ್ಸ್ ಕಾಯ್ದೆಯ 15ನೇ ಕಲಂ ಅದನ್ನು ನಡೆಸುತ್ತದೆ: ಒಂದು ಊರಿನ ಅಥವಾ ನೆರೆಹೊರೆಯ ಗಣನೀಯ ಸಂಖ್ಯೆಯ ನಿವಾಸಿಗಳು 20 ವರ್ಷ ಆಟ-ವಿರಾಮಕ್ಕೆ ಆ ನೆಲವನ್ನು ಬಳಸಿರಬೇಕು. ಎಸೆಕ್ಸಿನ ಮಿಸ್ಟ್ಲಿ ಎಂಬಲ್ಲಿ ಲಾರಿ ಓಡಾಡುವ ಕಾಂಕ್ರೀಟ್ ಬಂದರುಕಟ್ಟೆಯೂ ವಿಲೇಜ್ ಗ್ರೀನ್ ಆಗಬಹುದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಕ್ಕಳು ಅದರ ಅಂಚಿನಲ್ಲಿ ಕೂತು ದಾರ ಬಿಟ್ಟು ಏಡಿ ಹಿಡಿಯುತ್ತಿದ್ದದ್ದೂ ಅಲ್ಲಿನ ಬಳಕೆಯ ಭಾಗವಾಗಿತ್ತು. ಆದರೆ ಅದಕ್ಕೂ ಮೊದಲು, ವಿಟ್ಬಿ ಎಂಬ ಊರಿನ ಆಟದ ಮೈದಾನದ ಪ್ರಕರಣದಲ್ಲಿ 2014ರಲ್ಲಿ ಕೋರ್ಟ್ ಬೇರೆ ಮಾತು ಹೇಳಿತು. ಕೌನ್ಸಿಲ್ ತಾನೇ ಜನರ ಬಳಕೆಗೆಂದು ಒದಗಿಸಿದ ಮೈದಾನದಲ್ಲಿ ಜನ ಆಡಿದರೆ ಅದು ಕೊಟ್ಟ ಹಕ್ಕನ್ನು ಅನುಭವಿಸಿದಂತೆ, ಹೊಸ ಹಕ್ಕು ಗಳಿಸಿದಂತಲ್ಲ. ತರ್ಕ ಒಪ್ಪುವಂಥದ್ದೇ. ಆದರೂ ಅಂಥ ಮೈದಾನಗಳನ್ನು ಕೌನ್ಸಿಲ್ ನಾಳೆ ಮಾರಲು ಹೊರಟರೆ ಊರವರ ಕೈಯಲ್ಲಿ ಈ ಕಾನೂನು ಉಳಿಯುವುದಿಲ್ಲವಲ್ಲ ಎಂಬ ಸಂಕಟ ನನಗಿದೆ.

ವಿಲೇಜ್ ಗ್ರೀನಿನ ವಿಷಯದಲ್ಲಿ ನನ್ನ ದೊಡ್ಡ ತಕರಾರು 2013ರ ತಿದ್ದುಪಡಿಯ ಬಗ್ಗೆ. ಅದರ ನಂತರ, ಒಂದು ನೆಲದ ಮೇಲೆ ಕಟ್ಟಡ ಕಟ್ಟುವ ಅರ್ಜಿ ಪ್ರಕಟವಾದ ಕ್ಷಣವೇ ಅದನ್ನು ವಿಲೇಜ್ ಗ್ರೀನ್ ಎಂದು ದಾಖಲಿಸಿ ಎಂದು ಕೇಳುವ ಅವಕಾಶ ನಿಂತುಹೋಗುತ್ತದೆ. ಆದರೆ ಜನಕ್ಕೆ ತಮ್ಮ ಬಯಲಿಗೆ ಕುತ್ತು ಬಂದಿದೆ ಎಂದು ತಿಳಿಯುವುದೇ ಕಂಬಕ್ಕೆ ಆ ಪ್ರಕಟಣೆ ಅಂಟಿಸಿದಾಗ. ಕಟ್ಟಡ ತಡೆಯುವುದಕ್ಕಷ್ಟೇ ಸುಳ್ಳು ಅರ್ಜಿ ಹಾಕುವವರು ಇದ್ದರು ಎನ್ನುವ ದೂರಿನಲ್ಲಿ ಸತ್ಯವಿರಬಹುದು. ಅದಕ್ಕೆ ಸುಳ್ಳು ಅರ್ಜಿಯನ್ನು ಬೇಗ ವಜಾ ಮಾಡುವುದು ಮದ್ದಾಗಬೇಕಿತ್ತು. ಬಾಗಿಲನ್ನೇ ಮುಚ್ಚಿದ್ದು ಅನ್ಯಾಯ.

ಮತ್ತೆ ನಮ್ಮ ದಾರಿಗೆ ಬರುತ್ತೇನೆ. ಅರ್ಜಿಯ ಜೊತೆ ಕೊಡಲು ಊರಿನ ಮನೆಮನೆಗೂ ಸಾಕ್ಷ್ಯದ ಫಾರಂ ಹಂಚಿದರು. ಯಾವ ವರ್ಷದಿಂದ ಯಾವ ವರ್ಷದವರೆಗೆ ನಡೆದಿರಿ, ವರ್ಷಕ್ಕೆ ಎಷ್ಟು ಸಲ, ಗೇಟಿಗೆ ಬೀಗ ಕಂಡಿರಾ, ಫಲಕ ಕಂಡಿರಾ, ಯಾರಾದರೂ ತಡೆದರೇ, ಯಾರನ್ನಾದರೂ ಅನುಮತಿ ಕೇಳಿದಿರಾ. ಕೊನೆಯಲ್ಲಿ ಒಂದು ನಕ್ಷೆ. ನಡೆದ ದಾರಿಯನ್ನು ಸ್ವಂತ ಕೈಯಿಂದ ಗೆರೆ ಎಳೆದು ತೋರಿಸಿ ಸಹಿ ಹಾಕಬೇಕು. ಪ್ರತಿಯೊಬ್ಬರೂ 20 ವರ್ಷ ನಡೆದಿರಬೇಕೆಂದಿಲ್ಲ, ಹಲವರ ವರ್ಷಗಳು ಸೇರಿ ಆ ಅವಧಿಯನ್ನು ತುಂಬಿದರೆ ಸಾಕು. ಹಾಗಾಗಿ ನನ್ನ 11 ವರ್ಷಕ್ಕೂ ಜಾಗ ಸಿಕ್ಕಿತು. ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ಹಿರಿಯ ಮಹಿಳೆಯ ಫಾರಂ ತುಂಬಲು ನಾನೇ ಹೋಗಿ ಪಕ್ಕದಲ್ಲಿ ಕೂತಿದ್ದೆ. ಅವರಿಗೆ ಆಗ 84. ಇಸವಿ ಕೇಳಿದರೆ ತಡವರಿಸುತ್ತಿದ್ದರು, ಆದರೆ ತಾವು ಸಾಕಿದ ನಾಯಿಗಳ ಲೆಕ್ಕದಲ್ಲಿ ಎಲ್ಲವನ್ನೂ ಹೇಳಬಲ್ಲವರಾಗಿದ್ದರು. ಮೂರನೆಯ ನಾಯಿ ತಡಮೆ ಹಾರಲಾರದೆ ಮುದಿಯಾದಾಗ ರೈತರು ಅದಕ್ಕೆಂದೇ ಬೇಲಿಯ ಕೆಳಗೆ ಒಂದು ಕಿಂಡಿ ಮಾಡಿಕೊಟ್ಟಿದ್ದರು. ಆ ನಾಯಿಯ ಚುಚ್ಚುಮದ್ದಿನ ಚೀಟಿ ಅವರ ಮೇಜಿನ ಖಾನೆಯಲ್ಲಿತ್ತು, ಅದರಲ್ಲಿ 1991 ಎಂದಿತ್ತು. ಇಷ್ಟು ನಿಖರವಾದ ಸಾಕ್ಷ್ಯ ನಮ್ಮ ಇಡೀ ಅರ್ಜಿಯಲ್ಲಿ ಮತ್ತೊಂದಿರಲಿಲ್ಲ.

ಅರ್ಜಿ ಕೌನ್ಸಿಲ್ ತಲುಪಿದ ಮೇಲೆ ಸರದಿಯಲ್ಲಿ ಕೂತಿದೆ. 12 ತಿಂಗಳಲ್ಲಿ ತೀರ್ಮಾನವಾಗದಿದ್ದರೆ ಸರ್ಕಾರದ ಮಂತ್ರಿಗೆ ಮೊರೆಯಿಟ್ಟು, ಇಂಥ ದಿನದೊಳಗೆ ತೀರ್ಮಾನಿಸಿ ಎಂದು ಕೌನ್ಸಿಲ್‌ಗೆ ನಿರ್ದೇಶನ ತರಬಹುದು. ನಾವು ಅದನ್ನೂ ಮಾಡಿದ್ದೇವೆ, ಕೊಟ್ಟ ಗಡುವು ಇನ್ನೂ ದೂರವಿದೆ. ಕೌನ್ಸಿಲ್ ಒಪ್ಪಿದರೂ ಅಲ್ಲಿಗೆ ಮುಗಿಯುವುದಿಲ್ಲ. ಹಕ್ಕು ಇದ್ದಿರಬಹುದು ಎಂಬಷ್ಟು ಸಮಂಜಸ ಆಧಾರವಿದ್ದರೆ ಆದೇಶ ಹೊರಡಿಸುತ್ತಾರೆ, ಮಾಲೀಕರು ಆಕ್ಷೇಪಿಸಿದರೆ ಅದು ಇಂಥ ವ್ಯಾಜ್ಯಗಳನ್ನು ವಿಚಾರಿಸಿ ತೀರ್ಮಾನಿಸುವ ಕೇಂದ್ರ ಸರ್ಕಾರದ ಇನ್‌ಸ್ಪೆಕ್ಟರ್ ಮುಂದೆ ಹೋಗುತ್ತದೆ. ಅಲ್ಲಿ ಸಾಕ್ಷಿಗಳು ಎದ್ದು ನಿಂತು ಹೇಳಬೇಕು, ಎದುರು ಪಕ್ಷದ ವಕೀಲರ ಪ್ರಶ್ನೆಗಳಿಗೆ ಉತ್ತರಿಸಬೇಕು. ಹಾಗೆ ಪರೀಕ್ಷೆಗೆ ಒಳಗಾಗದ ಲಿಖಿತ ಹೇಳಿಕೆಯನ್ನೂ ಓದುತ್ತಾರೆ, ಆದರೆ ಅದಕ್ಕೆ ಅಷ್ಟು ತೂಕ ಸಿಗುವುದಿಲ್ಲ.

ಆ ಹಿರಿಯ ಮಹಿಳೆ ಕಳೆದ ತಿಂಗಳು ತೀರಿಕೊಂಡರು. ಫಾರಂ ಕೊಟ್ಟವರಲ್ಲಿ ಇವರೂ ಸೇರಿ ನಾಲ್ವರು ಈಗಿಲ್ಲ, ಇಬ್ಬರು ಮಕ್ಕಳ ಬಳಿಗೆ ಬೇರೆ ಊರಿಗೆ ಹೋಗಿದ್ದಾರೆ. ಮಾಲೀಕರ ಸಾಕ್ಷ್ಯವೋ, ಕಾಗದದಲ್ಲಿರುವಂಥದ್ದು, ಅದಕ್ಕೆ ವಯಸ್ಸಾಗುವುದಿಲ್ಲ. ಜನರ ನೆನಪನ್ನು ಸಾಕ್ಷ್ಯವೆಂದು ಒಪ್ಪುವ ಕಾನೂನನ್ನು ಮಾಡಿಕೊಂಡು, ಆ ನೆನಪು ಸಾಯುವವರೆಗೆ ಅರ್ಜಿಯನ್ನು ಕಪಾಟಿನಲ್ಲಿಡುವುದು ಒಂದು ಪಕ್ಷದ ಸಾಕ್ಷಿಗಳನ್ನು ಮಾತ್ರ ಸದ್ದಿಲ್ಲದೆ ಕಳೆಯುವುದೇ ಆಗಿದೆ. ಸಿಬ್ಬಂದಿ ಕಡಿಮೆ ಎಂಬುದನ್ನು ನಾನು ಒಪ್ಪುತ್ತೇನೆ. ನಮ್ಮ ಅರ್ಜಿ ನೋಡುತ್ತಿರುವ ಅಧಿಕಾರಿಗೆ ಇಡೀ ಕೌಂಟಿಯ ದಾರಿಗಳ ಹೊಣೆಯಿದೆ. ತೀರ್ಮಾನ ತಡವಾದರೂ ಆಗಲಿ, ಅರ್ಜಿ ಬಂದ ಮೊದಲ ವರ್ಷದಲ್ಲೇ 75 ದಾಟಿದ ಸಾಕ್ಷಿಗಳ ಹೇಳಿಕೆಯನ್ನು ಎರಡೂ ಪಕ್ಷದ ಎದುರಿನಲ್ಲಿ, ಪ್ರಶ್ನೋತ್ತರ ಸಹಿತ, ವಿಡಿಯೊ ದಾಖಲೆ ಮಾಡಿಕೊಳ್ಳಲಿ ಎಂದು ಕೌನ್ಸಿಲ್‌ಗೆ ಬರೆದಿದ್ದೇನೆ. ಇದಕ್ಕೆ ಬೇಕಾಗುವುದು ಒಂದು ಕೋಣೆ, ಒಂದು ಮಧ್ಯಾಹ್ನ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಲ್ಲಿ ಒಂದು ಕೋರಿಕೆ ಇದೆ. ಇಂಥ ಫಾರಂ ನಿಮ್ಮ ಬಾಗಿಲಿಗೆ ಬಂದರೆ, ನಾವು ನಿನ್ನೆ ಮೊನ್ನೆ ಬಂದವರು, ನಮಗೇಕೆ ಈ ಊರಿನ ಜಗಳ ಎಂದು ಪಕ್ಕಕ್ಕಿಡಬೇಡಿ. ನೀವು ಆ ದಾರಿಯಲ್ಲಿ ನಡೆದಿದ್ದರೆ, ಎರಡೇ ವರ್ಷವಾದರೂ, ನಡೆದಷ್ಟನ್ನು ಮಾತ್ರ ಬರೆಯಿರಿ. ಫೋನಿನಲ್ಲಿರುವ ಹಳೆಯ ಫೋಟೊಗಳನ್ನು ಹುಡುಕಿ. ನನ್ನ ಮಗಳ ಆರನೆಯ ಹುಟ್ಟುಹಬ್ಬದ ಫೋಟೊದಲ್ಲಿ ಅವಳ ಬೆನ್ನ ಹಿಂದೆ ಆ ಸವೆದ ಹಲಗೆ ಸ್ಪಷ್ಟವಾಗಿ ಕಾಣುತ್ತದೆ. ಅದರ ಪ್ರತಿಯನ್ನು ದಿನಾಂಕ ಸಮೇತ ಕಳೆದ ವಾರ ಕೌನ್ಸಿಲ್‌ಗೆ ಕಳಿಸಿಕೊಟ್ಟೆ.