ಮದುವೆಗೆ ವರ್ಷ ತುಂಬಿತು, ಹೊಸ ವರ್ಷಕ್ಕೆ ನನ್ನದೇ ಒಂದು ಲೆಕ್ಕ

ಅಲ್‌ಹಮ್ದುಲಿಲ್ಲಾಹ್, ನಮ್ಮ ನಿಕಾಹ್ ಆಗಿ ಒಂದು ವರ್ಷ ತುಂಬಿತು. ಡಿಸೆಂಬರ್ ಕೊನೆಯಲ್ಲಿ ಮದುವೆಯಾದವರಿಗೆ ಆ್ಯನಿವರ್ಸರಿ, ಹೊಸ ವರ್ಷ ಎರಡೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಹಿಜರಿ ಲೆಕ್ಕದಲ್ಲಾದರೆ ನಮ್ಮ ವರ್ಷ ಹತ್ತು-ಹನ್ನೊಂದು ದಿನ ಮೊದಲೇ ತುಂಬಿತ್ತು, ಚಂದ್ರನ ಲೆಕ್ಕದ ವರ್ಷಕ್ಕೆ 354 ಇಲ್ಲವೇ 355 ದಿನ ಅಲ್ವಾ. ಆ ಎರಡು ತಾರೀಖುಗಳ ನಡುವೆ ಬಿಡುವು ಮಾಡಿಕೊಂಡು, ಮುಂದಿನ ವರ್ಷ ಏನೇನು ಮಾಡಬೇಕು ಅಂತ ಒಂದು ಪಟ್ಟಿ ಬರೆದೆ. ಬರೆಯುತ್ತಾ ಹೋದಂತೆ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಯಿತು. ಅದನ್ನು ಇಲ್ಲಿ ಹೇಳಿಕೊಳ್ಳಬೇಕು ಅನ್ನಿಸಿತು.

ಹೊಸದಾಗಿ ಮದುವೆಯಾದ ಮುಸ್ಲಿಂ ಹುಡುಗಿಯರಿಗೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಲಹೆಗಳನ್ನು ನೀವೂ ನೋಡಿರುತ್ತೀರಿ. ಗಂಡ ಬಂದಾಗ ನಗುತ್ತಾ ಬಾಗಿಲು ತೆರೆಯಿರಿ, ಅತ್ತೆಯ ಮನಸ್ಸು ಗೆಲ್ಲಿರಿ, ಎದುರು ಮಾತಾಡಬೇಡಿ, ಮನೆಯ ವಿಷಯ ಹೊರಗೆ ಹೇಳಬೇಡಿ. ಇದರಲ್ಲಿ ತಪ್ಪೇನೂ ಇಲ್ಲ, ನಗುಮುಖವೂ ಸದಕಾ, ಅಂದರೆ ದಾನ, ಅಂತ ಪ್ರವಾದಿಯವರೇ(ಸ) ಹೇಳಿದ್ದಾರೆ. ಆದರೆ ಇಡೀ ಪಟ್ಟಿ ಓದಿ ಮುಗಿಸಿದರೂ ಆ ಹುಡುಗಿಯ ನಮಾಜ್ ಎಲ್ಲಿ, ಅವಳ ಉಪವಾಸ ಎಲ್ಲಿ, ಅವಳ ಝಕಾತ್ (ಆಸ್ತಿಯಿಂದ ಕೊಡಲೇಬೇಕಾದ ದಾನ), ಅವಳ ಓದು ಎಲ್ಲಿ ಅಂತ ಹುಡುಕಬೇಕಾಗುತ್ತದೆ. ಮದುವೆಯಾದ ಕೂಡಲೇ ಅವಳು ಒಬ್ಬ ಹೆಂಡತಿ ಮಾತ್ರ ಆಗಿಬಿಡುತ್ತಾಳೆ, ಒಬ್ಬ ಮುಸ್ಲಿಮ್ ಆಗಿ ಅವಳಿಗೆ ಇರುವ ಲೆಕ್ಕ ಹಿಂದೆ ಸರಿಯುತ್ತದೆ.

ಕುರ್‌ಆನ್ ಹಾಗೆ ಹೇಳುವುದಿಲ್ಲ. ಅಲ್ ಅಹ್‌ಝಾಬ್ ಅಧ್ಯಾಯದ 35ನೇ ವಚನ ತೆರೆದು ನೋಡಿ. ಸತ್ಯವಂತ ಪುರುಷರು, ಸತ್ಯವಂತ ಸ್ತ್ರೀಯರು, ಸಹನೆಯುಳ್ಳ ಪುರುಷರು, ಸಹನೆಯುಳ್ಳ ಸ್ತ್ರೀಯರು, ದಾನ ಕೊಡುವವರು, ಉಪವಾಸ ಇರುವವರು ಅಂತ ಹತ್ತು ಗುಣಗಳನ್ನು ಗಂಡಿಗೂ ಹೆಣ್ಣಿಗೂ ಜೋಡಿಯಾಗಿ ಹೇಳುತ್ತಾ ಹೋಗಿ, ಕೊನೆಗೆ ಎಲ್ಲರಿಗೂ ಒಂದೇ ಕ್ಷಮೆ, ಒಂದೇ ಪ್ರತಿಫಲ ಅನ್ನುತ್ತದೆ. ಹಾಗಾಗಿ ನನ್ನ ಪಟ್ಟಿ ಅಲ್ಲಿಂದಲೇ ಶುರುವಾಯಿತು.

ಮೊದಲು ಬರೆದದ್ದು ಬಾಕಿ ಉಪವಾಸಗಳನ್ನು. ಮುಟ್ಟಿನ ದಿನಗಳಲ್ಲಿ ಬಿಟ್ಟ ನಮಾಜ್ ನಮಗೆ ಮಾಫಿ, ಆದರೆ ರಂಜಾನ್‌ನಲ್ಲಿ ಬಿಟ್ಟ ಉಪವಾಸವನ್ನು ಆಮೇಲೆ ಹಿಡಿದು ತೀರಿಸಲೇಬೇಕು. ಇದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಆದರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಹೊಸ ಮನೆ, ಹೊಸ ಜನ, ಮಾವನವರ ಎದುರು "ನಾನಿವತ್ತು ಊಟ ಮಾಡಲ್ಲ" ಅಂದರೆ ಯಾಕೆ ಅಂತ ಕೇಳಿಬಿಟ್ಟರೆ ಅನ್ನುವ ಸಂಕೋಚ. ಹೀಗೆ ತಿಂಗಳುಗಳು ಜಾರಿ, ಮುಂದಿನ ರಂಜಾನ್‌ಗೆ ಮುಂಚಿನ ತಿಂಗಳಾದ ಶಅಬಾನ್ ಬಂದೇಬಿಡುತ್ತದೆ. ಪ್ರವಾದಿಯವರ(ಸ) ಪತ್ನಿ ಹಝ್ರತ್ ಆಯಿಶಾ(ರ) ಅವರೇ ತಮ್ಮ ಬಾಕಿ ಉಪವಾಸಗಳನ್ನು ಶಅಬಾನ್‌ನಲ್ಲಿ ತೀರಿಸುತ್ತಿದ್ದೆ ಅಂತ ಹೇಳಿದ್ದು ಬುಖಾರಿ, ಮುಸ್ಲಿಮ್ ಅನ್ನುವ ಎರಡೂ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹಗಳಲ್ಲಿ ಇದೆ. ಅಂದರೆ ಈ ಮಾತನ್ನು ಅವರೇ ಮುಚ್ಚಿಡಲಿಲ್ಲ, ನಾವ್ಯಾಕೆ ಇಷ್ಟು ನಾಚಬೇಕು? ನನ್ನ ಬೀರುವಿನ ಬಾಗಿಲ ಒಳಗಡೆ ಒಂದು ಸಣ್ಣ ಚೀಟಿ ಅಂಟಿಸಿದ್ದೇನೆ. ಬಾಕಿ ಇರುವ ಒಂದೊಂದು ಉಪವಾಸಕ್ಕೂ ಒಂದೊಂದು ಚೌಕ, ಹಿಡಿದ ದಿನ ಪೆನ್ಸಿಲ್‌ನಿಂದ ಗೀಟು. ಸೋಮವಾರ ಮತ್ತು ಗುರುವಾರ ಅಂತ ಇಟ್ಟುಕೊಂಡಿದ್ದೇನೆ, ಆ ಎರಡು ದಿನ ಪ್ರವಾದಿಯವರು(ಸ) ಉಪವಾಸ ಇರುತ್ತಿದ್ದರು. ನಮ್ಮವರೂ ಆದಾಗಲೆಲ್ಲ ನಫಿಲ್ (ಕಡ್ಡಾಯವಲ್ಲದ) ಉಪವಾಸ ಹಿಡಿದು ಜೊತೆಗೆ ಕೂರುತ್ತಾರೆ. ಅತ್ತೆಗೂ ಹೇಳಿದೆ. ಅವರು ನಕ್ಕು, ತಮ್ಮದೂ ಹಳೆಯವು ಇವೆ, ಸೇರಿಯೇ ತೀರಿಸೋಣ ಅಂದರು.

ಎರಡನೆಯದು ಝಕಾತ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನನ್ನ ವಯಸ್ಸಿನ ಎಷ್ಟೋ ಗೆಳತಿಯರಿಗೆ ಇದು ತಮ್ಮ ಜವಾಬ್ದಾರಿ ಅನ್ನುವುದೇ ಗೊತ್ತಿಲ್ಲ. ಮೆಹರ್, ಅಂದರೆ ನಿಕಾಹ್‌ನಲ್ಲಿ ಗಂಡ ಹೆಂಡತಿಗೆ ಕೊಡುವ ವಧುಧನ, ಹೆಣ್ಣಿನ ಸ್ವಂತ ಆಸ್ತಿ. ಅನ್ನಿಸಾ ಅಧ್ಯಾಯದ 4ನೇ ವಚನ ಅದನ್ನು ಸಂತೋಷದಿಂದ ಅವಳಿಗೇ ಕೊಡಿ ಅನ್ನುತ್ತದೆ, ಅವಳಾಗಿ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಬೇರೆಯವರು ಮುಟ್ಟಬಹುದು. ಆಸ್ತಿ ನನ್ನದಾದ ಮೇಲೆ ಅದರ ಝಕಾತ್ ಕೂಡ ನನ್ನದೇ. ಚಿನ್ನ ಸುಮಾರು 85 ಗ್ರಾಂ ಮುಟ್ಟಿ, ಒಂದು ಹಿಜರಿ ವರ್ಷ ನಮ್ಮ ಹತ್ತಿರ ಉಳಿದರೆ ಶೇಕಡಾ 2.5 ಕೊಡಬೇಕು. ಮೈಮೇಲೆ ಹಾಕಿಕೊಳ್ಳುವ ಒಡವೆಗೂ ಕೊಡಬೇಕು ಅನ್ನುವುದು ಹನಫಿ ಮದ್‌ಹಬ್‌ನ (ಧರ್ಮಶಾಸ್ತ್ರದ ಪಂಥದ) ನಿಲುವು. ಹಾಕಿಕೊಳ್ಳುವ ಒಡವೆಗೆ ಬೇಡ ಅಂತ ಶಾಫಿಈ, ಮಾಲಿಕಿ, ಹಂಬಲಿ ಮದ್‌ಹಬ್‌ಗಳ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ನೀವು ಯಾವುದನ್ನು ಪಾಲಿಸುತ್ತೀರೋ ಆ ಪ್ರಕಾರ ಆಲಿಮರ (ಧರ್ಮವಿದ್ವಾಂಸರ) ಹತ್ತಿರ ಕೇಳಿ. ಆದರೆ ಕೇಳಿ! ಗಂಡ ಹೇಗೂ ಕೊಡುತ್ತಾರಲ್ಲ ಅಂತ ಸುಮ್ನೆ ಕೂರಬೇಡಿ. ನಿಮ್ಮ ಒಪ್ಪಿಗೆ ಪಡೆದು ಅವರು ನಿಮ್ಮ ಪರವಾಗಿ ಕೊಟ್ಟರೆ ಅದು ಅವರ ದೊಡ್ಡ ಮನಸ್ಸು, ಆದರೆ ಲೆಕ್ಕ ಕೇಳುವುದು ನಿಮ್ಮನ್ನೇ.

ನಾವಿಬ್ಬರೂ ಒಂದು ರಾತ್ರಿ ಹಾಸಿಗೆ ಮೇಲೆ ಬಿಳಿ ಟವೆಲ್ ಹಾಸಿ ಒಡವೆಗಳನ್ನೆಲ್ಲ ಇಟ್ಟುಕೊಂಡು ಕೂತೆವು. ಅಮ್ಮ ಕೊಟ್ಟದ್ದು ಒಂದು ಕಡೆ, ಮೆಹರ್‌ನದ್ದು ಒಂದು ಕಡೆ, ಉಡುಗೊರೆ ಬಂದದ್ದು ಇನ್ನೊಂದು ಕಡೆ. ತೂಕದ ಚೀಟಿಗಳಲ್ಲಿ ಒಂದೆರಡು ಮಾಸಿ ಹೋಗಿದ್ದವು, ಅವನ್ನು ಮತ್ತೆ ತೂಕ ಮಾಡಿಸಬೇಕು. ಕಲ್ಲಿನ ತೂಕ ಕಳೆದು ನಮ್ಮವರು ಬರೆಯುತ್ತಾ ಹೋದರು, ನಾನು ಕೂಡುತ್ತಾ ಹೋದೆ. ವರ್ಷವಿಡೀ ಎಷ್ಟೋ ಸಲ ದುಡ್ಡಿನ ಮಾತು ಬಂದಿತ್ತು, ಆದರೆ "ಇದು ನಿನ್ನದು, ಇದು ನನ್ನದು, ಇದು ಇಬ್ಬರದು" ಅಂತ ಮುಜುಗರವಿಲ್ಲದೆ ಮಾತಾಡಿದ್ದು ಅವತ್ತೇ. ಪ್ರವಾದಿಯವರ(ಸ) ಸಂಗಾತಿ ಅಬ್ದುಲ್ಲಾಹ್ ಬಿನ್ ಮಸ್‌ಊದ್(ರ) ಅವರ ಹೆಂಡತಿ ಝೈನಬ್(ರ) ತಮ್ಮ ದುಡ್ಡನ್ನು ಗಂಡನಿಗೂ ತಮ್ಮ ಆಸರೆಯಲ್ಲಿದ್ದ ಅನಾಥ ಮಕ್ಕಳಿಗೂ ಖರ್ಚು ಮಾಡಿದರೆ ಅದು ಸದಕಾ ಆಗುತ್ತದಾ ಅಂತ ಪ್ರವಾದಿಯವರ(ಸ) ಹತ್ತಿರ ಕೇಳಿಸಿದ್ದರು. ಎರಡು ಪುಣ್ಯ ಸಿಗುತ್ತದೆ, ಬಂಧುತ್ವದ್ದೊಂದು, ದಾನದ್ದೊಂದು ಅಂತ ಉತ್ತರ ಬಂತು. ಹೆಂಡತಿಯ ದುಡ್ಡು ಹೆಂಡತಿಯದೇ ಆಗಿದ್ದರೆ ತಾನೇ ಅದು ದಾನವಾಗುವುದು?

ಕುರ್‌ಆನ್ ಓದು ಕೂಡ ಪಟ್ಟಿಯಲ್ಲಿದೆ. ಎಲ್ಲೆಡೆ ಸಿಗುವ ಮದೀನಾ ಮುದ್ರಣದ ಮುಸ್‌ಹಫ್‌ನಲ್ಲಿ (ಕುರ್‌ಆನ್ ಪ್ರತಿಯಲ್ಲಿ) 604 ಪುಟ. ದಿನಕ್ಕೆ ಎರಡು ಪುಟ ಅರ್ಥ ಸಮೇತ ಓದಿದರೆ 302 ದಿನಕ್ಕೆ ಮುಗಿಯುತ್ತದೆ, ಹುಷಾರಿಲ್ಲದ ದಿನಗಳಿಗೆ, ಪ್ರಯಾಣಕ್ಕೆ ಅಂತ ಒಂದಿಷ್ಟು ದಿನ ಉಳಿಯುತ್ತವೆ. ದಿನಕ್ಕೆ ಒಂದು ಜುಝ್ (ಕುರ್‌ಆನ್‌ನ ಮೂವತ್ತು ಭಾಗಗಳಲ್ಲಿ ಒಂದು) ಅಂತ ಗುರಿ ಇಡಬಹುದಿತ್ತು. ಆದರೆ ಸ್ವಲ್ಪವೇ ಆದರೂ ಬಿಡದೆ ಮಾಡುವ ಕೆಲಸವೇ ಅಲ್ಲಾಹನಿಗೆ ಹೆಚ್ಚು ಇಷ್ಟ ಅನ್ನುವ ಹದೀಸ್ ನನಗೆ ದೊಡ್ಡ ಧೈರ್ಯ.

ಹಾಗಾದರೆ ಗಂಡನ ಬಗ್ಗೆ ಪಟ್ಟಿಯಲ್ಲಿ ಏನೂ ಇಲ್ಲವಾ ಅಂತ ಕೇಳಬೇಡಿ, ಇದೆ. ಅವರ ಜೊತೆಗೇ ಮಾಡುವಂಥದ್ದು ಇದೆ. ಇಬ್ಬರಲ್ಲಿ ಯಾರಿಗೆ ಮೊದಲು ಎಚ್ಚರವಾಗುತ್ತದೋ ಅವರು ಇನ್ನೊಬ್ಬರನ್ನು ಫಜ್ರ್‌ಗೆ (ಬೆಳಗಿನ ಜಾವದ ನಮಾಜ್‌ಗೆ) ಮುಂಚೆಯೇ ಎಬ್ಬಿಸಬೇಕು. ರಾತ್ರಿ ಎದ್ದು ನಮಾಜ್ ಮಾಡಿ ಹೆಂಡತಿಯನ್ನು ಎಬ್ಬಿಸುವ, ಅವಳು ಏಳದಿದ್ದರೆ ಮುಖಕ್ಕೆ ನೀರು ಚಿಮುಕಿಸುವ ಗಂಡನಿಗೆ ಅಲ್ಲಾಹನ ಕರುಣೆ ಇರಲಿ ಅಂತ ಪ್ರವಾದಿಯವರು(ಸ) ದುಆ (ಪ್ರಾರ್ಥನೆ) ಮಾಡಿದ್ದಾರೆ. ಅದೇ ಹದೀಸ್‌ನಲ್ಲಿ ಗಂಡನ ಮುಖಕ್ಕೆ ನೀರು ಚಿಮುಕಿಸುವ ಹೆಂಡತಿಗೂ ಅದೇ ದುಆ ಇದೆ. ಈ ಎರಡನೇ ಅರ್ಧ ಯಾಕೋ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಮನೆಯಲ್ಲಿದ್ದಾಗ ಪ್ರವಾದಿಯವರು(ಸ) ಮನೆಯವರ ಸೇವೆಯಲ್ಲಿ ಇರುತ್ತಿದ್ದರು, ಅಝಾನ್ ಕೇಳಿದರೆ ನಮಾಜ್‌ಗೆ ಹೊರಡುತ್ತಿದ್ದರು ಅಂತ ಆಯಿಶಾ(ರ) ಹೇಳಿದ್ದನ್ನೂ ಅಷ್ಟೇ, ಗಂಡುಮಕ್ಕಳಿಗೆ ಬೇಕೆಂದೇ ಹೇಳಬೇಕು.

ಓದು ಮುಂದುವರಿಸುವುದಂತೂ ಹೊಸ ಗುರಿಯೇ ಅಲ್ಲ, ನಿಕಾಹ್‌ಗೆ ಮೊದಲೇ ಆದ ಮಾತು ಅದು. ಮದುವೆಯಾಗದ ತಂಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಓದು, ಕೆಲಸ, ಎಲ್ಲಿ ವಾಸ, ಏನು ಬೇಕೋ ಅದನ್ನು ಮೊದಲೇ ಶರತ್ತಾಗಿ ಹೇಳಿ, ಸಾಧ್ಯವಾದರೆ ನಿಕಾಹ್ ಪತ್ರದಲ್ಲಿ ಬರೆಸಿ. ಎಲ್ಲಕ್ಕಿಂತ ಮೊದಲು ಪಾಲಿಸಬೇಕಾದ ಶರತ್ತುಗಳು ಮದುವೆಯ ಶರತ್ತುಗಳೇ ಅನ್ನುವುದು ಬುಖಾರಿ, ಮುಸ್ಲಿಮ್‌ನಲ್ಲಿರುವ ಹದೀಸ್. ಆಮೇಲೆ ನೋಡೋಣ ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ವರ್ಷ ಆಯ್ತಲ್ಲ, ಏನಾದರೂ ವಿಶೇಷ ಇದೆಯಾ? ಇದು ನನ್ನ ಪಟ್ಟಿಯಲ್ಲಿ ಇಲ್ಲ, ಬರೆಯುವುದೂ ಇಲ್ಲ. ಅಲ್ಲಾಹನು ತಾನು ಇಚ್ಛಿಸಿದವರಿಗೆ ಹೆಣ್ಣು, ಇಚ್ಛಿಸಿದವರಿಗೆ ಗಂಡು, ಕೆಲವರಿಗೆ ಎರಡನ್ನೂ ಕೊಡುತ್ತಾನೆ, ಇಚ್ಛಿಸಿದವರನ್ನು ಮಕ್ಕಳಿಲ್ಲದವರನ್ನಾಗಿ ಮಾಡುತ್ತಾನೆ ಅಂತ ಅಶ್ಶೂರಾ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಅವನ ಕೈಯಲ್ಲಿರುವುದಕ್ಕೆ ನನ್ನ ಹತ್ತಿರ ತಾರೀಖು ಕೇಳಬೇಡಿ. ನಿಮಗೆ ನಮ್ಮ ಮೇಲೆ ಪ್ರೀತಿ ಇದ್ದರೆ ದುಆ ಮಾಡಿ, ಅದು ಸಾಕು. ವರ್ಷಗಟ್ಟಲೆ ಕಾಯುತ್ತಿರುವ ಅಕ್ಕಂದಿರ ಹತ್ತಿರವಂತೂ ದಯವಿಟ್ಟು ಈ ಪ್ರಶ್ನೆ ಕೇಳಲೇಬೇಡಿ.

ಝಕಾತ್ ಲೆಕ್ಕವನ್ನು ತಾವೇ ಇಟ್ಟುಕೊಳ್ಳುವ ಅಕ್ಕಂದಿರು ಯಾರಾದರೂ ಇದ್ದರೆ ಒಂದು ಮಾತು ಕೇಳುವುದಿತ್ತು. ಝಕಾತ್ ತಾರೀಖಿಗೆ ನೀವು ಯಾವ ತಿಂಗಳು ಹಿಡಿದಿದ್ದೀರಿ? ಬೇರೆ ಬೇರೆ ಸಮಯದಲ್ಲಿ ಬಂದ ಒಡವೆಗಳನ್ನು ಒಟ್ಟಿಗೇ ಸೇರಿಸುತ್ತೀರಾ, ಇಲ್ಲಾ ಬೇರೆ ಬೇರೆ ಬರೆದಿಡುತ್ತೀರಾ? ಬಿಡುವಾದಾಗ ತಿಳಿಸಿ.