ಫೋಟೋಗೆ ಸಿಗದ ಗಲೀಜು

2020ರ ಅಕ್ಟೋಬರಿನಲ್ಲಿ ನಮ್ಮ ಕರಾವಳಿಯ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕ ಬೀಚು ಅಂತ ಹಾರಿಸುವ ನೀಲಿ ಬಾವುಟ, ಬಂತು. ಕೊಟ್ಟದ್ದು ಡೆನ್ಮಾರ್ಕಿನ ಸಂಸ್ಥೆ. ಒಟ್ಟು 33 ಷರತ್ತು. ಟಾಯ್ಲೆಟ್ ಬೇಕು, ಬಟ್ಟೆ ಬದಲಿಸಲು ಕೋಣೆ ಬೇಕು, ಕಸದ ಡಬ್ಬಿ ಬೇಕು, ಲೈಫ್‌ಗಾರ್ಡ್ ಬೇಕು. ಹಾಂ, ನೀರೂ ಚೊಕ್ಕ ಇರಬೇಕು.

ಮಿಕ್ಕಿದ್ದಕ್ಕೆಲ್ಲ ಟೆಂಡರ್ ಕರೆಯಬಹುದು, ಟೇಪು ಕತ್ತರಿಸಬಹುದು. ನೀರಿನದ್ದೇ ತಾಪತ್ರಯ. ಸೀಸನ್‌ನಲ್ಲಿ ಕಮ್ಮಿಯೆಂದರೆ ಐದು ಸಲ ಪರೀಕ್ಷೆ ಆಗಬೇಕು, ಒಂದರಿಂದ ಇನ್ನೊಂದಕ್ಕೆ 31 ದಿನ ಮೀರಬಾರದು. ಬ್ಯಾಕ್ಟೀರಿಯಾಗಳಿಗೆ ತಿಂಗಳಿಗೊಂದು ಹಾಜರಿ. 100 ಮಿಲಿಲೀಟರ್ ನೀರಿಗೆ ಇ. ಕೋಲಿಯ ಮಿತಿ 250. ಇದನ್ನೆಲ್ಲ ಬೀಚಿನ ಬೋರ್ಡಿನಲ್ಲೇ ಹಾಕಬೇಕು. ಅದನ್ನು ಓದುವವರೊಬ್ಬರು ಸಿಕ್ಕರು ಅಂದುಕೊಳ್ಳಿ.

'ಈ ಇ. ಕೋಲಿ ಯಾರು ಮಾರಾಯ್ರೆ? ಪಾರ್ಕಿಂಗ್ ವಹಿಸಿಕೊಂಡವರಾ?'

'ಅಲ್ಲ, ಕಕ್ಕಸಿನ ನೀರು ಎಲ್ಲಿಂದಲೋ ಸೇರಿದೆ ಅಂತ ಹೇಳುವ ಬ್ಯಾಕ್ಟೀರಿಯಾ.'

'ಛೆ! ನಾನಾಗಲೇ ಮುಳುಗಿ ಎದ್ದಾಯ್ತಲ್ಲ.'

ಗಡಿಬಿಡಿ ಮಾಡಬೇಡಿ, ಲ್ಯಾಬೂ ಮಾಡುವುದಿಲ್ಲ. ಬ್ಯಾಕ್ಟೀರಿಯಾ ಬೆಳೆದು ಎಣಿಕೆಗೆ ಸಿಗಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ಉಬ್ಬರ ಇಳಿತ ಎರಡೆರಡು ಸಲ ಆಗಿ, ನೀವು ಮಿಂದ ನೀರು ಊರು ಬಿಟ್ಟಿರುತ್ತದೆ. ವರದಿ ಬರುವುದು ಹೋದ ನೀರಿನದ್ದು, ನಾವು ಬೀಳುವುದು ಇದ್ದ ನೀರಿಗೆ.

ಇನ್ನೂ ತಮಾಷೆ ಕೇಳಿ. ಸ್ನಾನದ ಬೀಚಿಗೆ ನಮ್ಮ ದೇಶದ್ದೇ ಮಿತಿಯೊಂದಿದೆ: ಮಲದ ಕೋಲಿಫಾರ್ಮ್ (ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾ ಗುಂಪು) 100 ಮಿಲಿಲೀಟರ್‌ಗೆ 100. ಡೆನ್ಮಾರ್ಕಿನವರದ್ದಕ್ಕಿಂತ ಬಿಗಿ! ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅದಕ್ಕೆ ಬಾವುಟ ಇಲ್ಲ. ಬಾವುಟ ಇಲ್ಲದಿದ್ದರೆ ಹಾರಿಸುವ ಸಮಾರಂಭ ಇಲ್ಲ, ಸಮಾರಂಭ ಇಲ್ಲದಿದ್ದರೆ ಫೋಟೋ ಇಲ್ಲ.

ಫೋಟೋದ ಮಹಿಮೆ ಸಣ್ಣದಲ್ಲ. 2025ರ ಮಾರ್ಚ್‌ನಲ್ಲಿ ವಿಶಾಖಪಟ್ಟಣದ ಋಷಿಕೊಂಡ ಬೀಚಿನ ಬ್ಲೂ ಫ್ಲ್ಯಾಗ್ ಸ್ವಲ್ಪ ದಿನ ಕೆಳಗಿಳಿಯಿತು. ಬೀದಿನಾಯಿ, ಕಸ, ಕೆಟ್ಟ ಸಿಸಿಟಿವಿ ಅಂತ ದೂರು, ಜೊತೆಗೆ ಫೋಟೋ. ತಕ್ಷಣ ಓಡಾಟ ಶುರುವಾಗಿ ಅದೇ ತಿಂಗಳು ಬಾವುಟ ವಾಪಸ್. ನಾಯಿ ಕ್ಯಾಮೆರಾಗೆ ಬೀಳುತ್ತದೆ ನೋಡಿ. ಬ್ಯಾಕ್ಟೀರಿಯಾ ಸಿಸಿಟಿವಿ ಸರಿ ಇದ್ದರೂ ಬೀಳುವುದಿಲ್ಲ.

ಅದಕ್ಕೇ ನಮ್ಮ ಸ್ವಚ್ಛತಾ ಅಭಿಯಾನಗಳೆಲ್ಲ ಮರಳಿನ ಮೇಲೇ ನಡೆಯುತ್ತವೆ. ಮುಂದೆ ಬ್ಯಾನರು, ತಲೆಗೆ ಟೋಪಿ, ಕೈಗೆ ಹೊಸ ಗ್ಲೌಸು. ಗಣ್ಯರು ಬಾಗಿ ಒಂದು ನೀರಿನ ಬಾಟಲಿ ಎತ್ತುತ್ತಾರೆ. 'ಸರ್, ಇನ್ನೊಮ್ಮೆ' ಅಂತಾನೆ ಫೋಟೋಗ್ರಾಫರ್. ಬಾಟಲಿ ಮತ್ತೆ ಮರಳಿಗೆ ಹೋಗಿ ಮತ್ತೆ ಮೇಲೆ ಬರುತ್ತದೆ. ಇಪ್ಪತ್ತು ಹೆಜ್ಜೆ ಆಚೆ ಊರಿನ ತೋಡು ಕಪ್ಪಗೆ ಹರಿದು ಸಮುದ್ರ ಸೇರುತ್ತಿರುತ್ತದೆ. ಅತ್ತ ಯಾರೂ ತಿರುಗುವುದಿಲ್ಲ, ಬೆಳಕು ಸರಿ ಇಲ್ಲವಂತೆ.

ಪ್ಯಾರಿಸ್‌ನವರದ್ದು ಬೇರೆ ದಾರಿ. 2024ರ ಜುಲೈ 17ರಂದು ಮೇಯರ್ ಆನ್ ಇಡಾಲ್ಗೊ ತಾವೇ ಸೇನ್ ನದಿಗೆ ಇಳಿದು ಈಜಿ ತೋರಿಸಿದರು. ಆಮೇಲೆ ಮಳೆ ಬಂತು, ನೀರು ಕೆಟ್ಟಿತು, ಅದೇ ನದಿಯಲ್ಲಿ ಈಜಬೇಕಿದ್ದ ಒಲಿಂಪಿಕ್ಸ್‌ನ ಪುರುಷರ ಟ್ರಯಥ್ಲಾನ್ ಒಂದು ದಿನ ಮುಂದಕ್ಕೆ ಹೋಯಿತು. ಆದರೂ ಮೇಯರಮ್ಮ ಮುಳುಗಿದ್ದು ಸುಳ್ಳಲ್ಲವಲ್ಲ.

ನಮ್ಮಲ್ಲೂ ಇದನ್ನು ತರಬಹುದು. ಜೋರು ಮಳೆಯ ಮಾರನೇ ದಿನ, ತೋಡು ಸಮುದ್ರ ಸೇರುವ ಜಾಗದಲ್ಲಿ, ಶಾಸಕರಿಂದ ಹಿಡಿದು ಪಂಚಾಯ್ತಿ ಮೆಂಬರ್‌ವರೆಗೆ ಎಲ್ಲರೂ ಒಂದೊಂದು ಮುಳುಗು ಹಾಕಲಿ. ಲೈಫ್‌ಗಾರ್ಡ್ ಇರುತ್ತಾರೆ, ಫೋಟೋಗ್ರಾಫರೂ ಇರುತ್ತಾರೆ. ನೀರು ಹೇಗಿತ್ತು ಅಂತ ಎರಡು ದಿನ ಬಿಟ್ಟು ತಿಳಿಸುತ್ತೇವೆ.