ಬರೀ ಸ್ಮ್ಯಾಶ್‌ನಿಂದ ಕಪ್ ಬರಲ್ಲ
2025ರ ಮಹಿಳಾ ವಾಲಿಬಾಲ್ ವಿಶ್ವ ಚಾಂಪಿಯನ್‌ಷಿಪ್ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಆಟಗಾರ್ತಿ ಪಾವ್ಲಾ ಎಗೊನು ಅವರ ಸ್ಮ್ಯಾಶ್‌ನಿಂದಲೇ ಇಟಲಿ ಗೆದ್ದಿತು ಅನ್ನೋ ನಿಮ್ಮ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಬ್ಯಾಂಕಾಕ್‌ನ ಫೈನಲ್ ಕಣ್ಣು ಮಿಟುಕಿಸದೆ ನೋಡಿದ್ದೇನೆ. ಟರ್ಕಿಯ ಮೆಲಿಸ್ಸಾ ವರ್ಗಸ್ ಒಬ್ಬರೇ 33 ಪಾಯಿಂಟ್ ತೆಗೆದರು. ಎರಡನೇ ಸೆಟ್‌ನಲ್ಲಿ ಇಟಲಿ 13-25ಕ್ಕೆ ಮಕಾಡೆ ಮಲಗಿತು. ಕಪ್ ಹೋಯ್ತು ಅಂದುಕೊಂಡೆ.

ನನ್ನ ಕಣ್ಣು ಮಾತ್ರ ಇಟಲಿಯ 38 ವರ್ಷದ ಲಿಬೆರೊ (ರಕ್ಷಣೆಗೆಂದೇ ಇರುವ ಆಟಗಾರ್ತಿ) ಮೋನಿಕಾ ಡಿ ಜೆನ್ನಾರೊ ಮೇಲೇ ಇತ್ತು. ಲಿಬೆರೊ ಬ್ಲಾಕ್ ಮಾಡುವಂತಿಲ್ಲ, ನೆಟ್ ಮೇಲಿಂದ ಸ್ಮ್ಯಾಶ್ ಹೊಡೆಯುವಂತಿಲ್ಲ. ಗುಂಡಿನಂತೆ ಬರುವ ಬಾಲ್‌ಗೆ ಮೊಣಕಾಲು ಬಗ್ಗಿಸಿ, ಮುಂಗೈ ಜೋಡಿಸಿ, ಅದನ್ನು ಮೆತ್ತಗೆ ಲಿಫ್ಟರ್ (ಸ್ಮ್ಯಾಶ್‌ಗೆ ಬಾಲ್ ಎತ್ತಿಕೊಡುವವರು) ತಲೆ ಮೇಲಕ್ಕೆ ಕಳಿಸಬೇಕು. ಸುಮ್ನೆ ಮಾತಾ?

ಆ ಲಿಫ್ಟರ್ ಅಲೆಸ್ಸಿಯಾ ಓರೊ. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಹೋಗಿದ್ದೂ ಅವರಿಗೇ, ಎಗೊನುಗಲ್ಲ. ಲೇಖನದಲ್ಲಿ ಅವರ ಹೆಸರೇ ಇಲ್ವಲ್ಲ! (ಕಾಲೇಜಿನಲ್ಲಿ ನಾನೂ ಲಿಫ್ಟರ್, ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ.)

ಕೊನೆಯ ಐದನೇ ಸೆಟ್ ಇಟಲಿಗೆ 15-8. 2002ರ ನಂತರ ಇಟಲಿಗೆ ಮತ್ತೆ ವಿಶ್ವ ಚಾಂಪಿಯನ್ ಪಟ್ಟ. ಇನ್ನು ಮೊದಲ ಸಲ ಫೈನಲ್‌ಗೆ ಬಂದು ಐದು ಸೆಟ್ ಕಾದಾಡಿದ ಟರ್ಕಿ ಬಗ್ಗೆಯೂ ಒಂದು ಲೇಖನ ಬರೀರಿ.